ಅಪ್ಪ ಅಮ್ಮನ್ನ ಕರ್ಕೊಂಡು 26 ದಿನ ಯೂರೋಪ್: ಮಲೆನಾಡಿನ ಮನೆಯವರಿಗೆ ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ನಮ್ಮನೆ ತೀರ್ಥಹಳ್ಳಿ ಸೀಮೆ, ನಾನು ಕೆಲಸಕ್ಕಿರೋದು ಶಿವಮೊಗ್ಗದಲ್ಲಿ. ಅಪ್ಪಂಗೆ 68, ಅಮ್ಮಂಗೆ 63, ಇಬ್ರೂ ಅಲ್ಲಿವರೆಗೆ ಹೋಗಿದ್ದ ಅತಿ ದೂರದ ಊರು ಅಂದ್ರೆ ಕಾಶಿ. ಅವರನ್ನ ಕರ್ಕೊಂಡು ನಾನೂ ನಮ್ಮನೆಯವರೂ 26 ದಿನ ಯೂರೋಪಲ್ಲಿ ಇದ್ದು ಬಂದ್ವಿ, ಪ್ಯಾರಿಸ್‌ನಲ್ಲಿ 8 ರಾತ್ರಿ, ಫ್ರಾನ್ಸಿನದ್ದೇ ಬೋರ್ಡೋದಲ್ಲಿ 4, ಸ್ವಿಟ್ಜರ್ಲೆಂಡಲ್ಲಿ 7, ರೋಮ್‌ನಲ್ಲಿ 6. ಬಂದಾಗಿಂದ ನೆಂಟ್ರು, ಪಕ್ಕದ ತೋಟದವರು, ಆಫೀಸಿನವರು ಎಲ್ರೂ ಕೇಳೋದು ಅದೇ, ವಯಸ್ಸಾದವರಿಗೆ ಆಗತ್ತಾ, ಊಟಕ್ಕೆ ಏನ್ ಮಾಡಿದ್ರಿ, ಹಸು ಯಾರು ನೋಡ್ಕೊಂಡ್ರು ಅಂತ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಿದ್ದೀನಿ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ದೊಡ್ಡೋರು ಜೊತೆಗಿದ್ರೆ ಹತ್ತು ದಿನಕ್ಕೆ ಏಳು ದೇಶ ಓಡಿಸೋ ಪ್ಯಾಕೇಜ್ ಬೇಡ್ವೇ ಬೇಡ, ಊರು ಕಮ್ಮಿ ಮಾಡಿ, ದಿನ ಜಾಸ್ತಿ ಮಾಡಿ, ಅಲ್ಲೊಂದು ಅಡುಗೆಮನೆ ಇರೋ ಮನೆ ಹಿಡ್ದು ನಮ್ಮ ಮನೆ ಥರಾನೇ ಇರಿ.

ಹಂತ 1: ತೋಟ ಕೇಳಿ ತಾರೀಖು ಇಡಿ

ಬೇರೆಯವರು ಆಫೀಸ್ ರಜೆ ನೋಡಿ ಟಿಕೆಟ್ ಮಾಡ್ತಾರೆ, ನಾವು ಅಡಿಕೆ ಮನೆಯವರು ಹಾಗೆ ಮಾಡಕ್ಕಾಗಲ್ಲ. ದೀಪಾವಳಿ ಆಸುಪಾಸಿಂದ ಅಡಿಕೆ ಕೊನೆ (ಗೊನೆ) ತೆಗೆಯೋದು, ಸುಲಿಯೋದು, ಬೇಯ್ಸೋದು, ಒಣಗ್ಸೋದು ಅಂತ ಜನವರಿ ದಾಟತ್ತೆ. ಜೂನ್ ಮೊದಲ ವಾರ ಮೃಗಶಿರ ಮಳೆ ಶುರು, ಅಷ್ಟರೊಳಗೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸೋ ತಯಾರಿ ಆಗಿರ್ಬೇಕು. ಹಾಗಾಗಿ ನಮಗೆ ಸಿಗೋದು ಯುಗಾದಿ ಕಳೆದ ಮೇಲಿಂದ ಮೇ ಮೂರನೇ ವಾರದವರೆಗಿನ ಬಿಡುವು ಮಾತ್ರ. ನಾವು ಹೋಗಿದ್ದು ಏಪ್ರಿಲ್ 20ರ ಸುಮಾರಿಗೆ. ಅಲ್ಲೂ ಅದು ವಸಂತಕಾಲ, ಜುಲೈ ಥರ ಜನಜಂಗುಳಿ ಇರಲ್ಲ, ಸ್ವೆಟರ್ ಒಂದಿದ್ರೆ ಚಳಿ ತಡೀಬಹುದು.

ಆದ್ರೆ ಬೇಸಿಗೆ ಅಂದ್ರೆ ತೋಟಕ್ಕೆ ನೀರು ಬಿಡೋ ಕಾಲ. ಆದ್ದರಿಂದ ಟಿಕೆಟ್‌ಗಿಂತ ಮೊದ್ಲು ಮನೇಲಿ ಉಳಿಯೋ ಜನ ಗಟ್ಟಿ ಮಾಡ್ಕೊಳ್ಳಿ. ನಮ್ಮನೇಲಿ ಎರಡು ಹಸು ಕರಾವಿನಲ್ಲಿತ್ತು, ಚಿಕ್ಕಪ್ಪನ ಮಗ ಬಂದು ಮನೇಲೇ ಉಳ್ಕೊಂಡ. ಹೋಗೋಕೆ ಹದಿನೈದು ದಿನ ಮುಂಚಿಂದ ಅವನ ಕೈಯಲ್ಲೇ ಹಾಲು ಕರೆಸಿ ಹಸುಗೆ ರೂಢಿ ಮಾಡ್ಸಿದ್ವಿ, ಇದನ್ನ ಮರೀಬೇಡಿ, ಹೊಸ ಕೈಗೆ ಹಸು ಹಾಲು ಇಳಿಸಲ್ಲ ಅಂತ ಫೋನ್ ಬಂದ್ರೆ ಅಮ್ಮ ಐಫೆಲ್ ಟವರ್ ಮೇಲೆ ನಿಂತಿದ್ರೂ ಮನಸ್ಸು ಕೊಟ್ಟಿಗೇಲೇ ಇರತ್ತೆ. ಮೋಟರ್ ಸ್ಟಾರ್ಟರ್ ಕೈಕೊಟ್ರೆ ಯಾರಿಗೆ ಫೋನ್ ಮಾಡ್ಬೇಕು, ನಾಯಿಗೆ ಏನ್ ಹಾಕ್ಬೇಕು ಎಲ್ಲ ಒಂದು ಹಾಳೆ ಮೇಲೆ ಬರೆದು ಅಡುಗೆಮನೆ ಗೋಡೆಗೆ ಅಂಟ್ಸಿ.

ಹಂತ 2: ಪಾಸ್‌ಪೋರ್ಟ್, ಮತ್ತೆ ಹೆಸರಿನ ಗೋಜಲು

ಶಿವಮೊಗ್ಗದಲ್ಲೇ ಪೋಸ್ಟ್ ಆಫೀಸ್ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರೋದ್ರಿಂದ ಬೆಂಗಳೂರಿಗೆ ಓಡೋದೇನೂ ಬೇಡ. 36 ಪುಟದ್ದಕ್ಕೆ ಫೀಸು 1,500 ರೂಪಾಯಿ, ಹತ್ತು ವರ್ಷ ನಡೆಯತ್ತೆ, 60 ದಾಟಿದವರಿಗೆ ಹೊಸ ಪಾಸ್‌ಪೋರ್ಟಿಗೆ ಶೇಕಡಾ 10 ರಿಯಾಯಿತಿ. ಕಷ್ಟ ಇರೋದು ಹೆಸರಲ್ಲಿ. ಅಪ್ಪನ ಹೆಸರು ಪಹಣಿಯಲ್ಲಿ ಒಂದು ಥರ, ಆಧಾರಲ್ಲಿ ಇನಿಷಿಯಲ್ ಹಿಂದೆ, ಬ್ಯಾಂಕಲ್ಲಿ ಇನಿಷಿಯಲ್ ಮುಂದೆ, ಅಮ್ಮಂದು ತವರು ಮನೆ ಹೆಸರು ಬೇರೆ, ಮದುವೆ ಆದ್ಮೇಲೆ ಇಟ್ಟಿದ್ದು ಬೇರೆ. ಇದನ್ನೆಲ್ಲ ಒಂದೇ ಥರ ಮಾಡ್ಸೋಕೆ ನಮಗೆ ನಾಲ್ಕು ತಿಂಗಳು ಹಿಡೀತು, ನೀವು ಕನಿಷ್ಠ ಎಂಟು ತಿಂಗಳು ಮುಂಚೆ ಕೂತ್ಕೊಳ್ಳಿ.

ಹಂತ 3: ಷೆಂಗೆನ್ ವೀಸಾ

ಒಂದೇ ವೀಸಾದಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಎಲ್ಲ ಓಡಾಡಬಹುದು. ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕ್ಬೇಕು, ನಮ್ದು ಫ್ರಾನ್ಸ್‌ನಲ್ಲಿ 12 ರಾತ್ರಿ, ಹಾಗಾಗಿ ಫ್ರಾನ್ಸ್. ಹೊರಡೋಕೆ ಆರು ತಿಂಗಳು ಮುಂಚಿಂದ ಅರ್ಜಿ ಹಾಕಬಹುದು, ತೀರಾ ತಡ ಅಂದ್ರೆ 15 ದಿನ ಮುಂಚೆ, ಆದ್ರೆ ಬೆಂಗಳೂರಲ್ಲಿ ಬೇಸಿಗೆ ರಜೆ ಹೊತ್ತಿಗೆ ಅಪಾಯಿಂಟ್ಮೆಂಟೇ ಸಿಗಲ್ಲ, ಮೂರು ನಾಲ್ಕು ತಿಂಗಳು ಮುಂಚೆ ಹಿಡ್ಕೊಳ್ಳಿ. ಫೀಸು 2024ರ ಜೂನಿಂದ ದೊಡ್ಡವರಿಗೆ 90 ಯೂರೋ, ಮೇಲೆ ಅರ್ಜಿ ತಗೊಳ್ಳೋ ವೀಸಾ ಸೆಂಟರಿನವರ ಸರ್ವಿಸ್ ಚಾರ್ಜ್. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರ್ಲೇಬೇಕು. ಪಾಸ್‌ಪೋರ್ಟು ವಾಪಸ್ ಬರೋ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತೀಲಿರ್ಬೇಕು.

ಈಗ ಮುಖ್ಯ ವಿಷಯ. ಕೃಷಿಕರಿಗೆ ಸ್ಯಾಲರಿ ಸ್ಲಿಪ್ ಎಲ್ಲಿಂದ ಬರ್ಬೇಕು? ನಾವು ಕೊಟ್ಟಿದ್ದು ಪಹಣಿ ಮತ್ತು ಅದರ ಇಂಗ್ಲಿಷ್ ಅನುವಾದ, ಸೊಸೈಟಿಗೆ ಅಡಿಕೆ ಹಾಕಿದ ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟು, ಕೃಷಿ ಆದಾಯ ತೋರಿಸಿ ಫೈಲ್ ಮಾಡಿದ ಐಟಿ ರಿಟರ್ನ್, ಇದರ ಜೊತೆಗೆ ನನ್ನ ಸಂಬಳದ ದಾಖಲೆ ಇಟ್ಟು ಖರ್ಚು ನಾನೇ ನೋಡ್ಕೊಳ್ತೀನಿ ಅನ್ನೋ ಪತ್ರ. ಒಂದು ಪುಟದ ಕವರಿಂಗ್ ಲೆಟರ್ ಬರೆದು, ತೋಟ ಇದೆ, ಹಸು ಇದೆ, ಮೇ ಮಧ್ಯಕ್ಕೆ ವಾಪಸ್ ಬಂದು ಔಷಧಿ ಹೊಡೆಸ್ಬೇಕು ಅಂತ ಇದ್ದದ್ದು ಇದ್ದಂಗೆ ಬರೆದ್ವಿ. ಊರಿಗೆ ವಾಪಸ್ ಬರೋಕೆ ಗಟ್ಟಿ ಕಾರಣ ಇದೆ ಅಂತ ತೋರ್ಸೋದೇ ಅಲ್ವಾ ಅವರಿಗೆ ಬೇಕಿರೋದು, ತೋಟಕ್ಕಿಂತ ಗಟ್ಟಿ ಕಾರಣ ಯಾವ್ದಿದೆ.

ಇನ್ನೊಂದು ಯಾರೂ ಹೇಳದೇ ಇರೋ ವಿಷಯ, ಬೆರಳಚ್ಚು. ಸುಣ್ಣ, ಅಡಿಕೆ ಚೊಗರು, ಕತ್ತಿ ಹಿಡಿದು ಹಿಡಿದು ಅಪ್ಪನ ಬೆರಳಲ್ಲಿ ಗೆರೆನೇ ಸವೆದುಹೋಗಿದೆ, ರೇಷನ್ ಅಂಗಡೀಲೂ ಅದೇ ಗೋಳು. ಒಂದು ವಾರ ಮುಂಚಿಂದ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿದ್ವಿ, ತೋಟದ ಕೆಲಸ ಬಿಡ್ಸಿದ್ವಿ, ಎರಡನೇ ಸಲಕ್ಕೆ ಅಚ್ಚು ಬಂತು. ಯೂರೋಪಿನ ಗಡೀಲಿ 2025ರ ಅಕ್ಟೋಬರ್ 12ರಿಂದ ಸೀಲ್ ಹೊಡೆಯೋ ಬದಲು ಬೆರಳಚ್ಚು, ಮುಖದ ಫೋಟೋ ತಗೊಳ್ಳೋ ಹೊಸ ವ್ಯವಸ್ಥೆ ಶುರುವಾಗಿದೆ, ಹಾಗಾಗಿ ಇಳಿದ ಕೂಡ್ಲೇನೂ ಇದು ಬೇಕಾಗತ್ತೆ.

ಹಂತ 4: ಟಿಕೆಟ್ ಮತ್ತು ವಿಮಾನದ ಊಟ

ಹೋಗೋದು ಪ್ಯಾರಿಸ್‌ಗೆ, ವಾಪಸ್ ರೋಮ್‌ನಿಂದ, ಹೀಗೆ ಮಲ್ಟಿ ಸಿಟಿ ಅಂತ ಬುಕ್ ಮಾಡಿ. ಹೋದ ದಾರೀಲೇ ವಾಪಸ್ ಬರೋ ಎರಡು ದಿನ ಉಳಿಯತ್ತೆ. ಅಪ್ಪ ಅಮ್ಮಂಗೆ ವೀಲ್‌ಚೇರ್ ಅಸಿಸ್ಟೆನ್ಸ್ ಬುಕ್ ಮಾಡೋವಾಗ್ಲೇ ಕೇಳಿ, ಅದಕ್ಕೆ ದುಡ್ಡಿಲ್ಲ. ಅಪ್ಪ "ನಂಗ್ಯಾಕೆ ಮಾರಾಯ್ತಿ ಕುರ್ಚಿ, ದಿನಾ ಗುಡ್ಡ ಹತ್ತೋನು ನಾನು" ಅಂದ್ರು. ನಡೆಯೋ ಶಕ್ತಿ ಬೇರೆ, ಇಮಿಗ್ರೇಷನ್ ಸಾಲಲ್ಲಿ ಒಂದೂವರೆ ತಾಸು ನಿಲ್ಲೋ ಶಕ್ತಿ ಬೇರೆ ಅಂತ ಸಮಾಧಾನ ಮಾಡಿದ್ವಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ದಯವಿಟ್ಟು ಇದನ್ನ ಗಮನಿಸಿ, ವಿಮಾನದ ಲಿಸ್ಟಲ್ಲಿ ಹಿಂದೂ ಮೀಲ್ ಅಂತ ಇರತ್ತಲ್ಲ, ಅದು ಸಸ್ಯಾಹಾರ ಅಲ್ಲ! ದನದ ಮಾಂಸ ಇಲ್ಲದ ಮಾಂಸಾಹಾರ ಅದು. ನಮಗೆ ಬೇಕಾಗಿರೋದು ಏಷ್ಯನ್ ವೆಜಿಟೇರಿಯನ್, ಕೋಡ್ ಎವಿಎಂಎಲ್ ಅಂತಿರತ್ತೆ. ಹೊರಡೋಕೆ 24 ತಾಸು ಮುಂಚೆ ಹೇಳಿರ್ಬೇಕು, ಎರಡು ವಿಮಾನ ಇದ್ರೆ ಎರಡಕ್ಕೂ ಹಾಕಿದೆಯಾ ಅಂತ ನೋಡ್ಕೊಳ್ಳಿ.

ಸೋಗಾನೆಯಲ್ಲಿ 2023ರಿಂದ ನಮ್ಮದೇ ವಿಮಾನ ನಿಲ್ದಾಣ ಇದೆ ನಿಜ, ಆದ್ರೂ ನನ್ನ ಸಲಹೆ ಒಂದು ದಿನ ಮುಂಚೆ ರಾತ್ರಿ ರೈಲಲ್ಲಿ ಬೆಂಗಳೂರಿಗೆ ಹೋಗಿ ನೆಂಟರ ಮನೇಲಿ ಸ್ನಾನ ಊಟ ಮುಗ್ಸಿ ನಿಧಾನಕ್ಕೆ ಏರ್‌ಪೋರ್ಟಿಗೆ ಹೋಗೋದು. ಅಂತಾರಾಷ್ಟ್ರೀಯ ವಿಮಾನ ಎಲ್ಲ ಈಗ ಟರ್ಮಿನಲ್ 2ರಿಂದ, ಟ್ಯಾಕ್ಸಿಯವರಿಗೆ ಸರಿಯಾಗಿ ಹೇಳಿ.

ಹಂತ 5: ಡಬ್ಬಿ ಕಟ್ಟೋದು, ಏನು ಒಯ್ಯಬಹುದು ಏನು ಒಯ್ಯಬಾರ್ದು

ಇದು ನಮ್ಮನೇಲಿ ಒಂದು ವಾರ ನಡೆದ ಕಾರ್ಯಕ್ರಮ, ಅದಕ್ಕೆ ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ.

ಯೂರೋಪಿಯನ್ ಯೂನಿಯನ್ ಒಳಗೆ ಹೊರದೇಶದಿಂದ ಮಾಂಸ, ಹಾಲಿನ ಪದಾರ್ಥ ಒಯ್ಯೋಕೆ ಬಿಡಲ್ಲ. ಅಂದ್ರೆ ಮನೆ ತುಪ್ಪ ಇಲ್ಲ, ಪೇಡ ಇಲ್ಲ, ತುಪ್ಪದಲ್ಲಿ ಮುಳುಗಿಸಿ ಮಾಡಿದ ಮೈಸೂರು ಪಾಕೂ ಬೇಡ. ಹಸಿ ಹಣ್ಣು, ಸೊಪ್ಪು, ಎಲೆ ಯಾವ್ದೂ ಸಸ್ಯ ಆರೋಗ್ಯ ಸರ್ಟಿಫಿಕೇಟ್ ಇಲ್ದೆ ಬಿಡಲ್ಲ, ರಿಯಾಯಿತಿ ಇರೋದು ಐದೇ ಹಣ್ಣಿಗೆ: ಅನಾನಸ್, ಬಾಳೆಹಣ್ಣು, ಖರ್ಜೂರ, ದುರಿಯನ್, ಮತ್ತೆ ನಮ್ಮ ತೆಂಗಿನಕಾಯಿ! ಅಮ್ಮಂಗೆ ಇದನ್ನ ಓದಿ ಹೇಳಿದಾಗ ಮುಖ ಅರಳಿತು. ಆದ್ರೆ ಒಣ ಕೊಬ್ಬರಿ ಗಿಟುಕಿನ ಕತೆ ಬೇರೆ, ಎಣ್ಣೆ ಜಾಸ್ತಿ ಇರೋದ್ರಿಂದ ತಾನಾಗೇ ಬೆಂಕಿ ಹತ್ತೋ ವಸ್ತುಗಳ ಪಟ್ಟೀಲಿದೆ, ವಿಮಾನದಲ್ಲಿ ಇಡೀ ಕೊಬ್ಬರಿ ತಗೊಳಲ್ಲ, ಚಟ್ನಿಪುಡಿ ಮಾಡ್ಕೊಂಡು ಹೋಗೋದೇ ಸರಿ.

ಗಲ್ಫ್ ಮೇಲೆ ಹೋಗೋರು ಇದನ್ನ ಖಂಡಿತ ಓದಿ. ದುಬೈ, ಅಬುಧಾಬಿ ಇರೋ ಯುಎಇಯಲ್ಲಿ ಗಸಗಸೆ ಮಾದಕ ವಸ್ತು ಲೆಕ್ಕದಲ್ಲಿ ಬರತ್ತೆ, ವೀಳ್ಯದೆಲೆ ಪಾನ್ ಕೂಡ ನಿಷೇಧ. ಪಾಯಸಕ್ಕೆ ಅಂತ ಒಂದು ಹಿಡಿ ಗಸಗಸೆ ಪೊಟ್ಟಣ ಬ್ಯಾಗಿನ ಮೂಲೇಲಿ ಸೇರ್ಕೊಂಡಿದ್ರೂ ದೊಡ್ಡ ತೊಂದ್ರೆ ಆಗಬಹುದು, ಮಸಾಲೆ ಪುಡೀಲಿ ಹಾಕಿದ್ದೀರಾ ಅದನ್ನೂ ನೋಡ್ಕೊಳ್ಳಿ. ಅಪ್ಪ ನಲವತ್ತು ವರ್ಷದಿಂದ ಊಟ ಆದ್ಮೇಲೆ ಎಲೆಅಡಿಕೆ ಕವಳ ಹಾಕೋರು, ಅವರದ್ದೇ ತೋಟದ ಅಡಿಕೆ. ಹೊರಡೋ ಒಂದು ತಿಂಗಳು ಮುಂಚಿಂದ ದಿನಕ್ಕೆ ಒಂದೊಂದು ಕಮ್ಮಿ ಮಾಡಿ, ಕೊನೇ ವಾರ ಬರೀ ಸೋಂಪು ಕಲ್ಲುಸಕ್ಕರೆಗೆ ಇಳ್ಸಿದ್ವಿ. ಅವರು ಅಷ್ಟು ಶ್ರದ್ಧೆಯಿಂದ ಮಾಡಿದ್ದು ನೋಡಿ ನಂಗೆ ಈಗ್ಲೂ ಹೆಮ್ಮೆ ಅನ್ಸತ್ತೆ.

ನಾವು ಒಯ್ದಿದ್ದು ಗಟ್ಟಿ ಅವಲಕ್ಕಿ, ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಬೆಲ್ಲ, ಹಲಸಿನ ಹಪ್ಪಳ, ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ. ಉಪ್ಪಿನಕಾಯಿ ಕೈಚೀಲದಲ್ಲಿ ಬಿಡಲ್ಲ, ದೊಡ್ಡ ಲಗೇಜಲ್ಲೇ ಹಾಕಿ. ಅಪ್ಪೆಮಿಡಿ ರಸ ಜಾಸ್ತಿ, ವಿಮಾನದಲ್ಲಿ ಒತ್ತಡ ಬದಲಾದಾಗ ಉಕ್ಕತ್ತೆ, ಹಾಗಾಗಿ ರಸ ಬಸಿದು ಮಿಡಿ ಮಾತ್ರ ಡಬ್ಬಿಗೆ ಹಾಕಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಟೇಪು, ಅದನ್ನ ಎರಡು ಕವರಲ್ಲಿ ಕಟ್ಟಿ ಹಳೇ ಲುಂಗೀಲಿ ಸುತ್ತಿದ್ವಿ, ಒಂದು ಹನಿ ಸೋರ್ಲಿಲ್ಲ. ನೀರು ನೀರಾಗಿರೋ ಜೋನಿ ಬೆಲ್ಲ ಮಾತ್ರ ಒಯ್ಯಬೇಡಿ, ಅಚ್ಚು ಬೆಲ್ಲ ಸಾಕು. ಹಪ್ಪಳ ಕರಿಯೋದು ಬೇಡ, ಅಲ್ಲಿ ಮನೇಲಿ ಮೈಕ್ರೋವೇವ್ ಇರತ್ತೆ, ಎಣ್ಣೆ ಸವರಿ ಒಂದು ನಿಮಿಷ ಇಟ್ರೆ ಗರಿಗರಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರ್ಬೇಕು. ಮಾತ್ರೆಗಳು ಸ್ಟ್ರಿಪ್ಪಲ್ಲೇ ಇರ್ಲಿ, ಡಾಕ್ಟರ ಹತ್ರ ಔಷಧದ ಮೂಲ ಹೆಸರು ಬರೆಸಿದ ಚೀಟಿ ಇರ್ಲಿ, ಅರ್ಧ ಕೈಚೀಲದಲ್ಲಿ ಅರ್ಧ ಲಗೇಜಲ್ಲಿ. ಬಿಪಿ ಮಾತ್ರೆ ಅಲ್ಲಿನ ಯಾವ ಟೈಮಿಗೆ ತಗೋಬೇಕು ಅಂತ ಹೊರಡೋ ಮೊದ್ಲೇ ಅವರನ್ನೇ ಕೇಳಿ.

ಬಟ್ಟೆ ಬಗ್ಗೆ ಅಮ್ಮ ಕಂಡ್ಕೊಂಡ ದಾರಿ ಚೆನ್ನಾಗಿದೆ. ಬೇಗ ಒಣಗೋ ಸೀರೆ ಐದು, ಒಳಗೆ ಉಲ್ಲನ್ ಲೆಗ್ಗಿಂಗ್ಸ್, ಕಾಲಿಗೆ ಸ್ಪೋರ್ಟ್ಸ್ ಶೂ, ಮೇಲೆ ಜಾಕೆಟ್ಟು. ಎಸ್ಕಲೇಟರ್ ಹತ್ತೋವಾಗ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡೀಬೇಕು, ಇದನ್ನ ಶಿವಮೊಗ್ಗದ ಮಾಲಲ್ಲೇ ನಾಲ್ಕು ಸಲ ಅಭ್ಯಾಸ ಮಾಡ್ಸಿ. ಪ್ಲಗ್ ವಿಷಯಕ್ಕೆ ಬಂದ್ರೆ ನಮ್ಮ ಎರಡು ಕಡ್ಡಿ ಫೋನ್ ಚಾರ್ಜರ್ ಅಲ್ಲೂ ಕೂರತ್ತೆ, ಮೂರು ಕಡ್ಡೀದಕ್ಕೆ ಅಡಾಪ್ಟರ್ ಬೇಕು.

ಹಂತ 6: ದುಡ್ಡು ಮತ್ತು ಫೋನು

ಕ್ಯಾಶ್ ಆಗಿ ವಿದೇಶಿ ನೋಟು ಒಬ್ಬೊಬ್ರು 3,000 ಡಾಲರ್ ಬೆಲೆವರೆಗೆ ಒಯ್ಯಬಹುದು, ಆದ್ರೆ ಅಷ್ಟು ಬೇಡ, ಸ್ವಲ್ಪ ನೋಟು, ಉಳಿದಿದ್ದು ವಿದೇಶಿ ದುಡ್ಡು ತುಂಬಿಸ್ಕೊಳ್ಳೋ ಫಾರೆಕ್ಸ್ ಕಾರ್ಡಲ್ಲಿ. ನಮ್ಮ ಬ್ಯಾಂಕ್ ಕಾರ್ಡು ವಿದೇಶದಲ್ಲಿ ನಡೀಬೇಕಂದ್ರೆ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಅಂತ ನಾವೇ ಆನ್ ಮಾಡಿರ್ಬೇಕು, ಮನೇಲಿದ್ದಾಗ್ಲೇ ಮಾಡಿ. ಅಂಗಡೀಲಿ ಮೆಷಿನ್ ನಿಮ್ಮನ್ನ ಕೇಳತ್ತೆ, ರೂಪಾಯೀಲಿ ಕೊಡ್ತೀರೋ ಯೂರೋದಲ್ಲೋ ಅಂತ. ಯಾವಾಗ್ಲೂ ಯೂರೋ ಒತ್ತಿ, ರೂಪಾಯಿ ಒತ್ತಿದ್ರೆ ಅವರಿಗೆ ಬೇಕಾದ ರೇಟಲ್ಲಿ ಲೆಕ್ಕ ಹಾಕ್ತಾರೆ. ನಾನು ಮೊದಲನೇ ದಿನ ಪರಿಚಯದ ರೂಪಾಯಿ ಗುರುತು ಕಂಡು ಅದನ್ನೇ ಒತ್ತಿದ್ದೆ, ರಾತ್ರಿ ಲೆಕ್ಕ ನೋಡಿದಾಗ ಗೊತ್ತಾಯ್ತು. ಚಿಲ್ಲರೆ ನಾಣ್ಯ ಯಾವಾಗ್ಲೂ ಜೇಬಲ್ಲಿರ್ಲಿ, ಟಾಯ್ಲೆಟ್ಟಿಗೆ ಬೇಕು.

ಟಾಯ್ಲೆಟ್ ಅಂದ್ಮೇಲೆ ಇದೂ ಹೇಳ್ಬಿಡ್ತೀನಿ, ಫ್ರಾನ್ಸು, ಸ್ವಿಟ್ಜರ್ಲೆಂಡಲ್ಲಿ ಪೇಪರ್ ಮಾತ್ರ, ನೀರಿಲ್ಲ. ಮುಚ್ಚಳದಲ್ಲಿ ತೂತು ಇರೋ ಮೆತ್ತನೆ ಪ್ಲಾಸ್ಟಿಕ್ ಬಾಟಲಿ ಒಂದೊಂದು ಎಲ್ರ ಬ್ಯಾಗಲ್ಲೂ ಇರ್ಲಿ. ಇಟಲೀಲಿ ಮಾತ್ರ ತೊಳ್ಕೊಳೋಕೆ ಪ್ರತ್ಯೇಕ ತೊಟ್ಟಿನೇ ಇರತ್ತೆ, ಬಿಡೆ ಅಂತಾರೆ, ಮನೆಗಳಲ್ಲಿ ಅದು ಇರ್ಲೇಬೇಕು ಅಂತ 1975ರಲ್ಲೇ ನಿಯಮ ಮಾಡಿದ್ದಾರೆ. ಅಮ್ಮಂಗೆ ಇಟಲಿ ಇಷ್ಟ ಆಗೋಕೆ ಇದೂ ಒಂದು ಕಾರಣ.

ಫೋನಿಗೆ ಇ-ಸಿಮ್ ಹಾಕ್ಸಿ, ಆದ್ರೆ ತಗೊಳೋವಾಗ ಸ್ವಿಟ್ಜರ್ಲೆಂಡ್ ಸೇರಿದೆಯಾ ನೋಡಿ, ಅದು ಯೂರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಕೆಲವು ಪ್ಲಾನ್ ಗಡಿ ದಾಟಿದ ಕೂಡ್ಲೇ ನಿಂತುಹೋಗತ್ತೆ. ದುಡ್ಡೂ ಅಲ್ಲಿ ಫ್ರಾಂಕ್. ಊರಿನ ಸಿಮ್ ತೆಗೀಬೇಡಿ, ಓಟಿಪಿ ಅದಕ್ಕೇ ಬರೋದು.

ಹಂತ 7: ಮೊದಲ ಮೂರು ದಿನ ಏನೂ ಇಟ್ಕೊಳ್ಬೇಡಿ

ಬೇಸಿಗೇಲಿ ಅಲ್ಲಿಗೂ ನಮಗೂ ಮೂರೂವರೆ ತಾಸು ವ್ಯತ್ಯಾಸ. ಅಪ್ಪ ಏಳೋದು ಬೆಳಿಗ್ಗೆ 5ಕ್ಕೆ, ಅಲ್ಲಿ ಅದು ರಾತ್ರಿ ಒಂದೂವರೆ! ಮೊದಲ ರಾತ್ರಿ ಅಡುಗೆಮನೇಲಿ ಲೈಟ್ ಹಾಕ್ಕೊಂಡು ಕಷಾಯ ಮಾಡ್ಕೊಂಡು ಕೂತಿದ್ರು. ಸಂಜೆ ಉದ್ದಕ್ಕೆ ಬಿಸಿಲಲ್ಲಿ ನಡೆಸಿ, ಹತ್ತರ ತನಕ ಎಚ್ಚರ ಇಡ್ಸಿ, ಮೂರನೇ ದಿನಕ್ಕೆ ಸರಿ ಹೋಗತ್ತೆ. ಅಮ್ಮಂದು ಬೇರೆ ಚಿಂತೆ, ದೀಪ ಹಚ್ಚೋದು ಯಾವಾಗ ಅಂತ. ಏಪ್ರಿಲ್ ಕೊನೇಲಿ ಪ್ಯಾರಿಸಲ್ಲಿ ಸೂರ್ಯ ಮುಳುಗೋದು ರಾತ್ರಿ 9ರ ಸುಮಾರಿಗೆ. ಎರಡು ದಿನ ಹೊರಗೆ ಬೆಳಕಿದ್ದಾಗ್ಲೇ ಏಳಕ್ಕೆ ಹಚ್ಚಿದ್ರು, ಮೂರನೇ ದಿನ "ಸೂರ್ಯನ ಲೆಕ್ಕ ಬೇಡ, ನಮ್ಮನೆ ಲೆಕ್ಕ ಸಾಕು" ಅಂತ ಏಳಕ್ಕೇ ಗಟ್ಟಿ ಮಾಡಿದ್ರು.

ಆಮೇಲೂ ಎರಡು ದಿನ ತಿರುಗಾಟ ಒಂದು ದಿನ ವಿಶ್ರಾಂತಿ ಅನ್ನೋ ಲೆಕ್ಕ ಇಟ್ಕೊಳ್ಳಿ. ವಿಶ್ರಾಂತಿ ದಿನ ಅಂದ್ರೆ ಬಟ್ಟೆ ಒಗೆಯೋದು, ಪಕ್ಕದ ಪಾರ್ಕಲ್ಲಿ ಕೂರೋದು, ವಾರದ ಸಂತೆಗೆ ಹೋಗೋದು. ನಂಗೆ ಕೇಳಿದ್ರೆ ಅಪ್ಪ ಅಮ್ಮ ಅತಿ ಖುಷಿಯಿಂದ ಇದ್ದದ್ದು ಸಂತೇಲೇ, ಮ್ಯೂಸಿಯಂನಲ್ಲಲ್ಲ. ಪ್ರತಿ ತರಕಾರಿ ಕ್ರಯ ಕೇಳಿ ರೂಪಾಯಿಗೆ ಬದಲಾಯಿಸಿ ಸೊರಬದ ಸಂತೆ ಜೊತೆ ಹೋಲಿಸ್ತಿದ್ರು.

ಹಂತ 8: ಅಡುಗೆ

ಮನೆ ಬುಕ್ ಮಾಡೋವಾಗ ನಾಲ್ಕು ವಿಷಯ ನೋಡಿ: ಒಲೆ, ಲಿಫ್ಟು, ವಾಷಿಂಗ್ ಮೆಷಿನ್, ಹತ್ರದ ಮೆಟ್ರೋ ಎಷ್ಟು ನಡಿಗೆ. ಪ್ಯಾರಿಸಲ್ಲಿ ಎರಡನೇ ಮಹಡಿ ಅಂದ್ರೆ ಹಳೇ ಕಟ್ಟಡದ ಸುತ್ತು ಮೆಟ್ಲು ಇರಬಹುದು, ಲಗೇಜ್ ಹೊರೋಕೆ ಯಾರೂ ಸಿಗಲ್ಲ.

ಪ್ಯಾರಿಸಿನ ಗಾರ್ ದು ನಾರ್ ಸ್ಟೇಷನ್ ಹಿಂದೆ ಲಾ ಶಪೆಲ್ ಅಂತ ಬಡಾವಣೆ ಇದೆ, ಶ್ರೀಲಂಕಾ ತಮಿಳರ ಅಂಗಡಿಗಳು ಸಾಲಾಗಿ ಇವೆ, ಅಲ್ಲಿ ಕರಿಬೇವು, ಹಸಿಮೆಣಸು, ತೊಗರಿಬೇಳೆ, ನಮ್ಮ ಥರದ ಅಕ್ಕಿ ಎಲ್ಲ ಸಿಗತ್ತೆ. ಮೊಸರಿಗೆ ಯಾವ ಸೂಪರ್ ಮಾರ್ಕೆಟಲ್ಲಾದ್ರೂ ಸಕ್ಕರೆ ಹಾಕದ ಯಾವೂರ್ ನಾತ್ಯೂರ್ ಅಂತ ಕೇಳಿ.

ತುಪ್ಪ ಬಿಟ್ಟು ಬಂದಿದ್ದಕ್ಕೆ ಅಮ್ಮ ಎರಡು ದಿನ ಬೇಜಾರಲ್ಲಿದ್ರು. ಆಮೇಲೆ ಅಂಗಡೀಲಿ ಬೆಣ್ಣೆ ಸಾಲು ನೋಡಿದ್ರು, ಫ್ರಾನ್ಸಲ್ಲಿ ಮಾಮೂಲಿ ಬೆಣ್ಣೇಲಿ ಕನಿಷ್ಠ ಶೇಕಡಾ 82 ಕೊಬ್ಬಿರತ್ತೆ, ದು ಅಂತ ಬರೆದಿದ್ರೆ ಉಪ್ಪಿಲ್ಲದ್ದು. ಎರಡು ಪ್ಯಾಕೆಟ್ ತಂದು ಸಣ್ಣ ಉರೀಲಿ ಕಾಸಿದ್ರು, ನುಗ್ಗೆಸೊಪ್ಪಿಲ್ಲ ಅನ್ನೋದೊಂದು ಕೊರತೆ ಬಿಟ್ರೆ ಮರಳು ಮರಳಾದ ತುಪ್ಪ ಆಯ್ತು, ಇಡೀ ಮನೆ ಘಮ್ ಅಂತು. ಅವತ್ತು ಬಿಸಿ ಅನ್ನ, ತುಪ್ಪ, ಅಪ್ಪೆಮಿಡಿ ಉಣ್ಣೋವಾಗ ಅಪ್ಪ ಬಹಳ ಹೊತ್ತು ಮಾತೇ ಆಡ್ಲಿಲ್ಲ. ಹೀಗೆ ಹೋದ ಕಡೆ ಸಿಗೋದ್ರಲ್ಲೇ ಮನೆ ರುಚಿ ಮಾಡ್ಕೊಳ್ಳೋದಕ್ಕೆ ದೊಡ್ಡೋರಿಗೆ ಒಂದು ಒಲೆ ಕೊಡ್ಲೇಬೇಕು.

ಒಣಮೆಣಸಿನ ಒಗ್ಗರಣೆ ಹಾಕೋವಾಗ ಮಾತ್ರ ಕಿಟಕಿ ತೆಗೀರಿ, ಚಿಮಣಿ ಫ್ಯಾನ್ ಹಾಕಿ, ಸೂರಲ್ಲಿ ಹೊಗೆ ಅಲಾರಂ ಇರತ್ತೆ, ಕೂಗಕ್ಕೆ ಶುರು ಮಾಡಿದ್ರೆ ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬರ್ತಾರೆ. ಹೋಟೆಲ್ ರೂಮಲ್ಲಿ ಅಡುಗೆ ಮಾಡೋಕೆ ಹೋಗ್ಲೇಬೇಡಿ.

ರಜಾದಿನ ನೋಡ್ಕೊಳ್ಳಿ. ಸ್ವಿಟ್ಜರ್ಲೆಂಡಲ್ಲಿ ಭಾನುವಾರ ರೈಲ್ವೆ ಸ್ಟೇಷನ್ ಅಂಗಡಿ ಬಿಟ್ರೆ ಬಹುತೇಕ ಎಲ್ಲ ಬಾಗ್ಲು ಹಾಕಿರತ್ತೆ. ಫ್ರಾನ್ಸಲ್ಲಿ ಮೇ 1, ಮೇ 8 ರಜೆ. ಮೇ 1ಕ್ಕೆ ನಾವು ಬೋರ್ಡೋದಲ್ಲಿದ್ವಿ, ಹಿಂದಿನ ದಿನವೇ ತರಕಾರಿ ಮೊಸರು ತಂದಿಟ್ಕೊಂಡಿದ್ದಕ್ಕೆ ಬಚಾವ್. ಕುಡಿಯೋ ನೀರಿಗೆ ದುಡ್ಡು ಹಾಕ್ಬೇಡಿ, ಫ್ರಾನ್ಸಿನ ಹೋಟೆಲಲ್ಲಿ ಕರಾಫ್ ದೋ ಅಂದ್ರೆ ನಲ್ಲಿ ನೀರು ಪುಕ್ಕಟೆ ಕೊಡ್ತಾರೆ. ರೋಮಲ್ಲಿ ಬೀದಿ ಬೀದೀಲಿ ಸುಮಾರು 2,500 ಕಬ್ಬಿಣದ ನಲ್ಲಿಗಳು ಸದಾ ಹರೀತಿರತ್ತೆ, ನಾಸೋನೆ ಅಂದ್ರೆ ದೊಡ್ಡ ಮೂಗು ಅಂತ, ಕೆಳಗಿನ ಬಾಯಿಗೆ ಬೆರಳು ಒತ್ತಿದ್ರೆ ಮೇಲಿನ ತೂತಿಂದ ಕಾರಂಜಿ ಥರ ಚಿಮ್ಮತ್ತೆ. ಅಡಿಕೆ ಮರ ಸೀಳಿ ಮಾಡಿದ ದೋಣೀಲಿ ಬರೋ ನಮ್ಮ ಅಬ್ಬಿ (ಗುಡ್ಡದ ಝರಿ) ನೀರಷ್ಟೇ ತಣ್ಣಗಿದೆ ಅಂದ್ರು ಅಪ್ಪ.

ಹಂತ 9: ಓಡಾಟ

ಫ್ರಾನ್ಸಿನ ವೇಗದ ರೈಲಿಗೆ ಸೀಟ್ ಬುಕ್ ಆಗಿರ್ಲೇಬೇಕು, ಮುಂಚೆ ತಗೊಂಡಷ್ಟೂ ಅಗ್ಗ. ಇಟಲಿಯ ಲೋಕಲ್ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತೋ ಮೊದ್ಲು ಪ್ಲಾಟ್‌ಫಾರ್ಮ್ ಮೆಷಿನಲ್ಲಿ ಸೀಲ್ ಹೊಡೀಬೇಕು, ಇಲ್ದಿದ್ರೆ ಟಿಕೆಟ್ ಇದ್ರೂ ದಂಡ. ಸ್ವಿಟ್ಜರ್ಲೆಂಡಲ್ಲಿ ಒಂದು ತಿಂಗಳ ಹಾಫ್ ಫೇರ್ ಕಾರ್ಡ್ ಲಾಭ, ರೈಲು, ಬಸ್ಸು, ದೋಣಿ, ಹೆಚ್ಚಿನ ಕೇಬಲ್ ಕಾರಲ್ಲೂ ಅರ್ಧ ದರ.

ಆಲ್ಪ್ಸ್ ಬೆಟ್ಟದ ಮೇಲೆ ರೈಲಲ್ಲಿ ಹೋಗೋ ಯುಂಗ್‌ಫ್ರಾಯೋಖ್‌ಗೆ ಹೋಗೋರು ಬೆಳಿಗ್ಗೆ ವೆಬ್‌ಕ್ಯಾಮ್ ನೋಡಿ, ಮೋಡ ಇಲ್ಲ ಅಂದ್ರೆ ಮಾತ್ರ ಟಿಕೆಟ್ ತಗೊಳ್ಳಿ. 3,454 ಮೀಟರ್ ಎತ್ತರ, ನಮ್ಮ ಕುದುರೆಮುಖ 1,900 ಮೀಟರ್ ಹತ್ರ, ಲೆಕ್ಕ ಹಾಕಿ. ಅಲ್ಲಿ ಗಾಳಿ ತೆಳು, ಅಮ್ಮಂಗೆ ತಲೆ ಭಾರ ಆಯ್ತು, ಕೂರಿಸಿ ನೀರು ಕುಡಿಸಿ ನಿಧಾನಕ್ಕೆ ನಡೆಸಿದ್ವಿ. ಹೃದಯದ ತೊಂದ್ರೆ ಇರೋರು ಡಾಕ್ಟರ್ ಕೇಳ್ದೆ ಹತ್ತಬೇಡಿ. ದುಡ್ಡಿಲ್ದೆ ನೋಡಬಹುದಾದ ಲೌಟರ್‌ಬ್ರುನ್ನೆನ್ ಕಣಿವೆನೇ ನಮಗೆಲ್ಲ ಜಾಸ್ತಿ ಇಷ್ಟ ಆಗಿದ್ದು, ಅಲ್ಲಿನ ಸ್ಟೌಬ್‌ಬಾಖ್ ಜಲಪಾತ 297 ಮೀಟರ್. ಜೋಗ 253. ಅಪ್ಪ ಅರ್ಧ ತಾಸು ನಿಂತು ನೋಡಿ "ಎತ್ತರ ಇವರದ್ದು ಜಾಸ್ತಿ, ಆದ್ರೆ ಮಳೆಗಾಲದ ಶರಾವತಿ ನೀರು ಇಲ್ಲೆಲ್ಲಿ ಬರ್ಬೇಕು" ಅಂದ್ರು.

ಫ್ರಾನ್ಸಲ್ಲಿ ಅಂಗಡಿ ಒಳಗೆ ಕಾಲಿಟ್ಟ ಕೂಡ್ಲೇ ಬೋಂಜೂರ್ ಅನ್ನಿ, ಬರೋವಾಗ ಮೆರ್ಸಿ ಅನ್ನಿ. ನಮಸ್ಕಾರ ಹೇಳ್ದೆ ನೇರ ವ್ಯಾಪಾರಕ್ಕಿಳಿದ್ರೆ ಅಲ್ಲಿ ಅಗೌರವ ಅನ್ಕೋತಾರೆ. ಅಮ್ಮ ಇದನ್ನ ಎಷ್ಟು ಚೆನ್ನಾಗಿ ಕಲಿತ್ರು ಅಂದ್ರೆ ಬೇಕರಿ ಹೆಂಗಸು ಮೂರನೇ ದಿನ ಅವರನ್ನ ದೂರದಿಂದ ಕಂಡೇ ಕೈ ಎತ್ತೋಳು. ಜೇಬುಗಳ್ಳರ ಬಗ್ಗೆ ಒಂದೇ ಮಾತು, ಸಹಿ ಹಾಕಿ ಅಂತ ಹಾಳೆ ಹಿಡ್ಕೊಂಡು ಬರೋರು, ಕೈಗೆ ದಾರ ಕಟ್ಟೋಕೆ ಬರೋರು ಕಂಡ್ರೆ ನಿಲ್ಲದೆ ನಡೀರಿ, ಪಾಸ್‌ಪೋರ್ಟು ಸೊಂಟದ ಒಳಚೀಲದಲ್ಲಿ.

ಹಂತ 10: ನಿಮ್ಮನೆಗೆ ನಂಟು ಇರೋ ಒಂದು ಊರು ಸೇರ್ಸಿ

ಪಟ್ಟಿ ಮಾಡೋವಾಗ ಅಪ್ಪನ್ನ ಕೇಳ್ದೆ, ನಿಮಗೆ ಯಾವ ಊರು ನೋಡ್ಬೇಕು ಅಂತ. ಸ್ವಲ್ಪ ಹೊತ್ತು ಬಿಟ್ಟು "ಬೋರ್ಡೋ ಔಷಧಿ ಅಂತೀವಲ್ಲ, ಬೋರ್ಡೋ ಅಂತ ನಿಜವಾಗ್ಲೂ ಊರಿದೆಯಾ?" ಅಂದ್ರು. ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್, ನಮ್ಮ ಸೀಮೇಲಿ ಕೊಳೆರೋಗಕ್ಕೆ ಇದನ್ನ ಹೊಡೀದ ಮನೆ ಇಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೇಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆ ಕೊಳೆರೋಗದ ಅಧ್ಯಯನ ಮಾಡಿ ಇದನ್ನ ನಮ್ಮವರಿಗೆ ಹೇಳ್ಕೊಟ್ಟಿದ್ದು. ಅದಕ್ಕಿಂತ ಹಿಂದಿನ ಕತೆ ಫ್ರಾನ್ಸಿಂದು, 1882ರಲ್ಲಿ ಬೋರ್ಡೋ ಯೂನಿವರ್ಸಿಟಿಯ ಮಿಲಾರ್ದೆ ಅನ್ನೋ ಪ್ರೊಫೆಸರ್ರು ದ್ರಾಕ್ಷಿ ತೋಟದ ಪಕ್ಕ ಹೋಗೋವಾಗ ರಸ್ತೆ ಬದಿ ಸಾಲುಗಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಅಂತ ಗಮನಿಸಿದ್ರು. ವಿಚಾರಿಸಿದ್ರೆ, ದಾರಿಹೋಕರು ಹಣ್ಣು ಕದೀಬಾರ್ದು ಅಂತ ತೋಟದವರು ಮೈಲುತುತ್ತ ಸುಣ್ಣ ಕಲಸಿ ಎಲೆಗೆ ಎರಚಿದ್ರು! 1885ರಲ್ಲಿ ಅವರು ಇದನ್ನ ಔಷಧಿ ಅಂತ ಪ್ರಕಟಿಸಿದ್ರು.

ಪ್ಯಾರಿಸಿಂದ ಬೋರ್ಡೋಗೆ ವೇಗದ ರೈಲಲ್ಲಿ ಎರಡು ತಾಸು ಚಿಲ್ಲರೆ. ಅಲ್ಲಿಂದ ಸಣ್ಣ ರೈಲಲ್ಲಿ ಮುಕ್ಕಾಲು ತಾಸಿನೊಳಗೆ ಸ್ಯಾಂತ್ ಎಮಿಲಿಯೋಂ, ದ್ರಾಕ್ಷಿ ತೋಟಗಳ ಮಧ್ಯೆ ಇರೋ ಹಳೇ ಊರು, 1999ರಿಂದ ಯುನೆಸ್ಕೋ ಪಟ್ಟೀಲಿದೆ. ಸ್ಟೇಷನ್‌ನಿಂದ ಊರಿಗೆ ಒಂದೂವರೆ ಕಿಲೋಮೀಟರ್ ನಡೀಬೇಕು, ಎರಡೂ ಕಡೆ ತೋಟ. ಸಾಲಿನ ಎರಡೂ ಬದಿಗೆ ಚಕ್ರ ಚಾಚಿ ಬಳ್ಳಿ ಮೇಲೇ ನಡೆಯೋ ಎತ್ತರದ ಟ್ರ್ಯಾಕ್ಟರ್ ನೋಡಿ ಅಪ್ಪ ಅಲ್ಲೇ ನಿಂತ್ರು. ಬೇಲಿ ಹತ್ರ ಕೆಲಸ ಮಾಡ್ತಿದ್ದವರ ಜೊತೆ ಫೋನಿನ ಅನುವಾದದ ಆ್ಯಪಲ್ಲಿ ಕನ್ನಡದಲ್ಲೇ ಮಾತಾಡ್ಸಿದ್ವಿ. ನಾವೂ ಇದನ್ನೇ ಹೊಡೀತೀವಿ, ಅರವತ್ತು ಅಡಿ ಮರದ ಮೇಲೆ ಹತ್ತಿ, ಅಂದ್ರು ಅಪ್ಪ, ಫೋನಲ್ಲಿದ್ದ ನಮ್ಮ ತೋಟದ ವಿಡಿಯೋ ತೋರ್ಸಿದ್ರು. ಅವರ ಭಾಷೇಲಿ ಈ ದ್ರಾವಣಕ್ಕೆ ಬುಯ್ಯಿ ಬೋರ್ದಲೇಜ್ ಅಂತಾರಂತೆ, ಬುಯ್ಯಿ ಅಂದ್ರೆ ಗಂಜಿ. ಬೋರ್ಡೋ ಗಂಜಿ! ಅಲ್ಲೀಗ ತಾಮ್ರ ಹಾಕೋಕೆ ಮಿತಿ ಇದೆ, ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ಮೀರಬಾರ್ದು, ಮಣ್ಣಲ್ಲಿ ಉಳಿಯತ್ತೆ ಅಂತ. ಅಪ್ಪ ಇದನ್ನ ಡೈರೀಲಿ ಬರ್ಕೊಂಡ್ರು.

ನಿಮ್ಮನೇಲೂ ಇಂಥದ್ದೊಂದು ಇದ್ದೇ ಇರತ್ತೆ, ಕಾಫಿ ಮನೆಯವರಿಗೆ ಇಟಲಿಯ ಕಾಫಿ ಅಂಗಡಿ ಇರಬಹುದು, ಹಾಲಿನ ಡೇರಿಯವರಿಗೆ ಸ್ವಿಸ್ ಹಳ್ಳಿ ಇರಬಹುದು. ಹೊರಡೋಕೆ ಮುಂಚೆ ದೊಡ್ಡೋರನ್ನ ಕೂರಿಸ್ಕೊಂಡು ಕೇಳಿ, ಅವರು ಹೇಳಿದ ಊರಿಗೆ ಪ್ಯಾರಿಸಿನ ಎರಡು ದಿನ ಕಡಿಮೆ ಮಾಡಿಯಾದ್ರೂ ಜಾಗ ಕೊಡಿ.

ಹಂತ 11: ವಾಪಸ್

ಚಂದ ಕಂಡ ಗಿಡದ ಕೊಂಬೆ ಮುರ್ಕೊಂಡು ಬಂದು ನೆಡೋದು ನಮ್ಮ ಕಡೆ ರೂಢಿ, ಅಮ್ಮಂಗೆ ಗುಲಾಬಿ ಕಡ್ಡಿ, ಅಪ್ಪಂಗೆ ದ್ರಾಕ್ಷಿ ಕಡ್ಡಿ ಮೇಲೆ ಕಣ್ಣಿತ್ತು. ಬೇಡ. ಗಿಡ, ಬೀಜ ತರೋಕೆ ನಮ್ಮ ದೇಶದ ಸಸ್ಯ ಸಂಗರೋಧ ನಿಯಮದ ಪ್ರಕಾರ ಪರ್ಮಿಟ್ ಬೇಕು, ಹೊರಗಿನ ರೋಗ ನಮ್ಮ ತೋಟಕ್ಕೆ ಬರಬಾರ್ದು ಅಂತಾನೇ ಆ ನಿಯಮ. ಅಡಿಕೆಯ ಎಲೆಚುಕ್ಕಿ ರೋಗದಿಂದ ಬೆಂದಿರೋ ನಮಗೆ ಅದು ಅರ್ಥ ಆಗ್ಲೇಬೇಕು. ಚಾಕಲೇಟು, ಹಸು ಗಂಟೆ, ಫೋಟೋ ಸಾಕು.

ಬಂದ ಮೇಲೆ ಮೂರು ದಿನ ಯಾವ ಕೆಲಸನೂ ಇಟ್ಕೊಳ್ಬೇಡಿ, ಈ ಕಡೆ ಬರೋವಾಗ ನಿದ್ದೆ ಸರಿ ಆಗೋಕೆ ಇನ್ನೂ ತಡ. ನಾವು ಬಂದು ಎರಡು ವಾರಕ್ಕೆ ಮೋಡ ಕಟ್ತು. ಅಡಿಕೆ ಮರ ಹತ್ತೋ ಕೊನೆಗೌಡ ಬಂದು ದೋಟಿ, ಪಂಪು ಎಲ್ಲ ಇಳ್ಸಿದ. ಅಪ್ಪ ಬ್ಯಾರಲ್ಲಲ್ಲಿ ಮೈಲುತುತ್ತದ ನೀರು ಸುಣ್ಣದ ನೀರು ಸೇರಿಸಿ, ಚೂರಿ ಅದ್ದಿ ನೋಡಿದ್ರು, ಕೆಂಪು ಹತ್ತಿದ್ರೆ ಸುಣ್ಣ ಕಮ್ಮಿ ಅಂತ ಲೆಕ್ಕ. ಹತ್ತಿರ್ಲಿಲ್ಲ. "ಗಂಜಿ ಸರಿಯಾಗಿದೆ, ಹತ್ತು ಮಾರಾಯ" ಅಂದ್ರು, ಕೊನೆಗೌಡಂಗೆ ಎಂಥ ಗಂಜಿ ಅಂತ ಅರ್ಥ ಆಗ್ದೆ ಅಮ್ಮನ ಮುಖ ನೋಡಿದ, ಅಮ್ಮ ಜಗುಲೀಲಿ ಕೂತು ಅವನಿಗೆ ಮೊದಲಿಂದ ಹೇಳೋಕೆ ಶುರು ಮಾಡಿದ್ರು.